ಕೂತಲ್ಲಿ ಕೂರದ ಮಕ್ಕಳ ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ: ಶಿಕ್ಷಕರಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ತರಗತಿ ಶಿಕ್ಷಕರೇ,

ನಮಸ್ಕಾರ. ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ತರಗತಿಯಲ್ಲಿ ಸುಮ್ಮನೆ ಕೂರದ ಮಗುವಿಗೆ ಶಿಕ್ಷೆ ಅಂತ ಆಟದ ಪಿರಿಯಡ್ ಕಿತ್ತುಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ವಿರಾಮದ ಬೆಲ್ ಹೊಡೆದಾಗ ಉಳಿದವರನ್ನೆಲ್ಲ ಹೊರಗೆ ಬಿಟ್ಟು, ಆ ಒಂದು ಮಗುವನ್ನು ಒಳಗೆ ಕೂರಿಸಿ ಬರೆಸುವುದನ್ನೂ ನಿಲ್ಲಿಸಿ. ಹಸಿದು ಸಿಡುಕುತ್ತಿರುವವನಿಗೆ, ಸಿಡುಕಿದ್ದಕ್ಕೆ ನಿನಗೆ ಊಟ ಇಲ್ಲ ಅಂದ ಹಾಗೆ ಅದು. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬಿಡುವಾದಾಗ ಓದಿ.

ನಾನು ಹೇಳುತ್ತಿರುವ ಮಗು ನಿಮಗೆ ಗೊತ್ತು. ಪ್ರತಿ ಶಾಲೆಯಲ್ಲೂ ಅಂಥವರು ಇರುತ್ತಾರೆ. ಪ್ರಶ್ನೆ ಪೂರ್ತಿ ಆಗುವ ಮೊದಲೇ ಉತ್ತರ ಕೂಗುತ್ತದೆ. ಕೈ ಎತ್ತಿದರೆ ಕೈ ಮಾತ್ರ ಏಳುವುದಿಲ್ಲ, ಇಡೀ ಮೈ ಬೆಂಚಿನಿಂದ ಎದ್ದಿರುತ್ತದೆ. ಮಾತು ಎಷ್ಟು ವೇಗ ಅಂದರೆ ಅರ್ಧ ಪದಗಳು ನುಂಗಿಹೋಗುತ್ತವೆ. ಕಾಲು ಅಲ್ಲಾಡುತ್ತಲೇ ಇರುತ್ತದೆ. ಪೆನ್ಸಿಲ್ ತಾಳ ಹಾಕುತ್ತಿರುತ್ತದೆ. ಪಾಠ ಕೇಳುತ್ತಿಲ್ಲ ಅಂದುಕೊಂಡು ತಟ್ಟನೆ ಪ್ರಶ್ನೆ ಕೇಳಿದರೆ, ನೀವು ಹೇಳಿದ್ದನ್ನೂ ಹೇಳಿ, ನೀವು ಹೇಳದೆ ಬಿಟ್ಟದ್ದನ್ನೂ ಕೇಳುತ್ತದೆ. ಆಗ ನಿಮಗೆ ಖುಷಿಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಎರಡೂ ಸಹಜವೇ. ಅಂಥದ್ದೊಂದು ಮಗು ನನ್ನ ಮನೆಯಲ್ಲೂ ಇದೆ. ಹಾಗಾಗಿ ಆ ಸಿಟ್ಟಿನ ಪರಿಚಯ ನನಗೂ ಚೆನ್ನಾಗಿ ಇದೆ.

ವಿಶೇಷ ಪ್ರತಿಭೆಯ ಮಕ್ಕಳ ಈ ಮೈತುಂಬಿದ ಚಟುವಟಿಕೆಗೆ ತಜ್ಞರ ವಲಯದಲ್ಲಿ ಒಂದು ಹೆಸರಿದೆ: ಸೈಕೋಮೋಟರ್ ಓವರ್‌ಎಕ್ಸೈಟಬಿಲಿಟಿ. ಹೆಸರು ನಾಲಿಗೆಗೆ ಕಷ್ಟ, ವಿಷಯ ಸುಲಭ. ಪೋಲೆಂಡಿನ ಮನೋವೈದ್ಯ ಕಾಜಿಮಿರ್ಜ್ ಡಾಂಬ್ರೋವ್ಸ್ಕಿ (1902–1980) ಕೆಲವರ ನರಮಂಡಲ ಬೇರೆಯವರಿಗಿಂತ ಜಾಸ್ತಿ ತೀವ್ರವಾಗಿ ಸ್ಪಂದಿಸುತ್ತದೆ ಅಂದರು. ಆ ತೀವ್ರತೆಯನ್ನು ಐದು ಬಗೆಯಾಗಿ ನೋಡಿದರು: ದೇಹದ ಚಲನೆ, ಇಂದ್ರಿಯಗಳು, ಬುದ್ಧಿ, ಕಲ್ಪನೆ, ಭಾವನೆ. ಮೊದಲನೆಯದೇ ಈ ಸೈಕೋಮೋಟರ್. ಇದರಲ್ಲೂ ಅವರು ಎರಡು ಮುಖ ಗುರುತಿಸಿದ್ದರು. ಒಂದು, ನಿಜವಾಗಿಯೇ ತುಂಬಿ ತುಳುಕುವ ಶಕ್ತಿ: ವೇಗದ ಮಾತು, ಓಟ, ಏನಾದರೂ ಮಾಡಲೇಬೇಕೆಂಬ ಒತ್ತಡ, ಪೈಪೋಟಿ. ಇನ್ನೊಂದು, ಒಳಗಿನ ತಳಮಳ ಮೈಯಲ್ಲಿ ಹೊರಬರುವುದು: ಉಗುರು ಕಚ್ಚುವುದು, ನಿಲ್ಲಿಸಲಾರದಂತೆ ಮಾತಾಡುವುದು, ಯೋಚಿಸದೆ ಎದ್ದು ಹೋಗುವುದು.

ನನ್ನ ಮಟ್ಟಿಗೆ ಈ ಎರಡನೆಯ ಮುಖ ತುಂಬಾ ಮುಖ್ಯ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಖುಷಿಗೆ ಕುಣಿಯುವ ಮಗುವಿಗೆ ಜಾಗ ಬೇಕು, ಭಯಕ್ಕೆ ಕಾಲಾಡಿಸುವ ಮಗುವಿಗೆ ಜೊತೆ ಬೇಕು. ಇಬ್ಬರಿಗೂ 'ಸುಮ್ನೆ ಕೂರು' ಅನ್ನುವ ಒಂದೇ ಮದ್ದು ಕೊಟ್ಟರೆ ಇಬ್ಬರಿಗೂ ನಾಟುವುದಿಲ್ಲ. ಗಣಿತದ ಹೊಸ ಪಾಠ ಶುರುವಾದಾಗ ಕಾಲು ಕುಣಿಯುತ್ತದೋ, ಪರೀಕ್ಷೆಯ ಪೇಪರ್ ಹಂಚುವಾಗ ಕುಣಿಯುತ್ತದೋ ಅಂತ ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಇದಕ್ಕೆ ಯಾವ ತಜ್ಞರೂ ಬೇಡ. ದಿನಾ ನೋಡುವ ನಿಮ್ಮ ಕಣ್ಣು ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಡಾಂಬ್ರೋವ್ಸ್ಕಿಯವರ ಈ ವಿಚಾರವನ್ನು ಪ್ರತಿಭಾವಂತ ಮಕ್ಕಳ ಶಿಕ್ಷಣಕ್ಕೆ ತಂದವರು ಮೈಕಲ್ ಪಿಯೆಚೋವ್ಸ್ಕಿ, 1979ರಲ್ಲಿ. ಅಲ್ಲಿಂದ ಮುಂದೆ ಇದು ಪೋಷಕರ ನಡುವೆ ಹಬ್ಬಿತು. ಹಬ್ಬುತ್ತಾ ಹಬ್ಬುತ್ತಾ, 'ಕೂತಲ್ಲಿ ಕೂರದ ಮಗು ಅಂದರೆ ಗಿಫ್ಟೆಡ್' ಅನ್ನುವ ಮಟ್ಟಕ್ಕೆ ಬಂತು. ಅದು ನಿಜವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಗಿಫ್ಟೆಡ್ ಗುಂಪಿಗೂ ಉಳಿದವರಿಗೂ ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ಬುದ್ಧಿ, ಕಲ್ಪನೆಗಳ ತೀವ್ರತೆಯಲ್ಲಿ. ದೇಹದ ಚಟುವಟಿಕೆಯ ವಿಷಯಕ್ಕೆ ಬಂದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಅಂದರೆ, ಓಡಾಡುವ ಮಕ್ಕಳು ಎಲ್ಲ ಗುಂಪಿನಲ್ಲೂ ಇದ್ದಾರೆ. ದಿನವಿಡೀ ಕಿಟಕಿ ಪಕ್ಕ ಅಲ್ಲಾಡದೆ ಕೂತಿರುವ ಮಗುವೂ ಅಸಾಧಾರಣ ಪ್ರತಿಭೆಯದ್ದಾಗಿರಬಹುದು. ಆ ಮಗುವನ್ನು ಯಾರೂ ಗಮನಿಸುವುದೇ ಇಲ್ಲ ಅನ್ನುವುದು ಇನ್ನೊಂದು ಪತ್ರಕ್ಕೆ ಆಗುವಷ್ಟು ದೊಡ್ಡ ವಿಷಯ.

ಹಾಗಾದರೆ ಪ್ರತಿಭೆಯ ಮಾತು ಯಾಕೆ ಬೇಕು? ಪ್ರತಿಭೆ, ಚಡಪಡಿಕೆ ಎರಡೂ ಒಂದೇ ಮಗುವಿನಲ್ಲಿ ಸೇರಿದಾಗ ಶಾಲೆಯ ದಿನ ಅದಕ್ಕೆ ವಿಪರೀತ ಕಷ್ಟ ಆಗುತ್ತದೆ, ಅದಕ್ಕೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ಮಕ್ಕಳಲ್ಲಿ ಬುದ್ಧಿ, ಭಾವನೆ, ಕೈಯ ಹಿಡಿತ ಎಲ್ಲ ಒಟ್ಟಿಗೆ ಬೆಳೆಯುವುದಿಲ್ಲ. 1991ರಲ್ಲಿ ಅಮೆರಿಕದಲ್ಲಿ ಕೊಲಂಬಸ್ ಗ್ರೂಪ್ ಅನ್ನುವ ತಂಡ ಪ್ರತಿಭೆಯ ವಿವರಣೆಯ ನಡುಮಧ್ಯೆಯೇ ಈ ಏರುಪೇರನ್ನು ಇಟ್ಟಿತು. ಎಂಟು ವರ್ಷದ ಮಗುವಿನ ತಲೆ ಹನ್ನೆರಡರ ಲೆಕ್ಕ ಮಾಡುತ್ತಿರಬಹುದು. ಆದರೆ ಪೆನ್ಸಿಲ್ ಹಿಡಿಯುವ ಬೆರಳು ಎಂಟರದ್ದೇ. ಸೋತಾಗ ಬರುವ ಅಳು ಕೆಲವೊಮ್ಮೆ ಐದರದ್ದು. ಉತ್ತರ ಗೊತ್ತು, ಬರೆಯಲು ಕೈ ಓಡುವುದಿಲ್ಲ. ಬರೆದದ್ದು ಕಾಗೆ ಕಾಲಿನ ಹಾಗೆ ಇರುತ್ತದೆ. 'ಇಷ್ಟು ಬುದ್ಧಿ ಇದೆ, ನೆಟ್ಟಗೆ ಬರೆಯೋಕೆ ಏನು ಧಾಡಿ?' ಅಂತ ಕೇಳುತ್ತೇವೆ. ಧಾಡಿ ಏನೂ ಇಲ್ಲ. ಬೆರಳಿಗೆ ಬುದ್ಧಿಯಷ್ಟು ವಯಸ್ಸಾಗಿಲ್ಲ, ಅಷ್ಟೇ.

ಇದರ ಇನ್ನೊಂದು ತುದಿ, ಕೆಲಸ ಮುಗಿದ ಮೇಲಿನ ಹೊತ್ತು. ನನ್ನನ್ನು ಕೇಳಿದರೆ ಡೈರಿಯಲ್ಲಿ ಬರುವ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ. ಹತ್ತು ಲೆಕ್ಕ ಕೊಡುತ್ತೀರಿ. ಮೂರನೆಯದಕ್ಕೇ ಮಗುವಿಗೆ ಸೂತ್ರ ಸಿಕ್ಕಿರುತ್ತದೆ. ಉಳಿದ ಏಳನ್ನು ಮಾಡಿದರೂ ಆಯಿತು, ಬಿಟ್ಟರೂ ಆಯಿತು. ತರಗತಿಯ ಉಳಿದವರು ಇನ್ನೂ ಐದನೆಯದರಲ್ಲಿ ಇದ್ದಾರೆ. ಈಗ ಆ ಮಗು ಏನು ಮಾಡಬೇಕು? ನಾವು ದೊಡ್ಡವರು ಇಂಥ ಹೊತ್ತಿನಲ್ಲಿ ಫೋನ್ ತೆಗೆಯುತ್ತೇವೆ, ಟೀ ಕುಡಿಯಲು ಏಳುತ್ತೇವೆ. ಮೀಟಿಂಗಿನಲ್ಲಿ ಅರ್ಧ ಗಂಟೆ ಬೇಜಾರಾದರೆ ಕುರ್ಚಿಯಲ್ಲಿ ಹೊರಳಾಡುತ್ತೇವೆ. ಮಗುವಿಗೆ ಮಾತ್ರ ಕೈಕಟ್ಟಿ ಕೂರುವುದೊಂದೇ ದಾರಿ. ಮೈಯಲ್ಲಿ ಮೊದಲೇ ಚಟುವಟಿಕೆ ಜಾಸ್ತಿ ಇರುವ ಮಗು ಅಷ್ಟು ಹೊತ್ತು ಕೂತಿರಲಾರದು. ಏಳುತ್ತದೆ. ಪಕ್ಕದವರ ಪುಸ್ತಕಕ್ಕೆ ಇಣುಕುತ್ತದೆ. ಉತ್ತರ ಹೇಳಿಕೊಡುತ್ತದೆ. ದೂರು ಬರುತ್ತದೆ.

ಬೇಗ ಮುಗಿಸಿದವರಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಡುವ ರೂಢಿ ಇದೆ. ದಯವಿಟ್ಟು ಬೇಡ. ಮಗುವಿನ ಲೆಕ್ಕದಲ್ಲಿ ಅದು ಬೇಗ ಮುಗಿಸಿದ್ದಕ್ಕೆ ಸಿಕ್ಕ ದಂಡ. ಕೆಲವೇ ವಾರದಲ್ಲಿ ನಿಧಾನ ಮಾಡುವುದನ್ನು ಕಲಿತುಬಿಡುತ್ತದೆ. ಸಂಖ್ಯೆ ಜಾಸ್ತಿ ಬೇಡ, ಕಷ್ಟ ಜಾಸ್ತಿ ಇರಲಿ. 'ಈ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಬಿಡಿಸು', 'ಇದೇ ಉತ್ತರ ಬರುವ ಹೊಸ ಲೆಕ್ಕ ನೀನೇ ಮಾಡು' ಅಂದರೆ ಸಾಕು. ಅದನ್ನು ಹಿಂದಿನ ಗೋಡೆಯ ಬೋರ್ಡಿನಲ್ಲಿ ನಿಂತುಕೊಂಡು ಮಾಡಲು ಬಿಟ್ಟರೆ ಇನ್ನೂ ಒಳ್ಳೆಯದು. ಮೈಗೂ ಕೆಲಸ, ತಲೆಗೂ ಕೆಲಸ.

ಈಗ ಎಡಿಎಚ್‌ಡಿ ವಿಷಯ, ಅಂದರೆ ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ. ಪೋಷಕರ ಸಭೆಯಲ್ಲಿ ಈ ಪದ ಈಗ ಸುಲಭವಾಗಿ ಓಡಾಡುತ್ತದೆ. 'ನಿಮ್ಮ ಮಗುವಿಗೆ ಎಡಿಎಚ್‌ಡಿ ಇರಬೇಕು' ಅಂತ ಶಿಕ್ಷಕರು ಅನ್ನುತ್ತಾರೆ. 'ಇಲ್ಲ, ನಮ್ಮ ಮಗು ಗಿಫ್ಟೆಡ್' ಅಂತ ಪೋಷಕರು ಅನ್ನುತ್ತಾರೆ. ಇಬ್ಬರೂ ತಮ್ಮದಲ್ಲದ ಕೆಲಸ ಮಾಡುತ್ತಿರುತ್ತಾರೆ. ಎಡಿಎಚ್‌ಡಿ ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಮಕ್ಕಳ ಮನೋವೈದ್ಯರ ಅಥವಾ ಈ ವಿಷಯದಲ್ಲಿ ತರಬೇತಿ ಇರುವವರ ಕೆಲಸ. ಅವರೂ ಒಂದು ನೋಟಕ್ಕೆ ಹೇಳುವುದಿಲ್ಲ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು. 12 ವರ್ಷಕ್ಕೆ ಮೊದಲೇ ಹಲವು ಲಕ್ಷಣ ಕಾಣಿಸಿಕೊಂಡಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಇರಬೇಕು. ಮಗುವಿನ ದಿನನಿತ್ಯದ ಬದುಕಿಗೆ ಅದರಿಂದ ತೊಂದರೆ ಆಗುತ್ತಿರಬೇಕು. ಒಂದೇ ಪಿರಿಯಡ್‌ನಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಮಾತ್ರ ಕುಣಿಯುವ ಮಗುವಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಆ ಪಿರಿಯಡ್ ಅನ್ನು.

ವಯಸ್ಸೂ ಇಲ್ಲಿ ಆಟ ಆಡುತ್ತದೆ. ಅಮೆರಿಕದಲ್ಲಿ ಸೆಪ್ಟೆಂಬರ್ 1 ಅನ್ನು ಶಾಲೆ ಸೇರುವ ವಯಸ್ಸಿನ ಗಡುವಾಗಿ ಇಟ್ಟುಕೊಂಡ ರಾಜ್ಯಗಳ ಮಕ್ಕಳನ್ನು ನೋಡಿ 2018ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಆಗಸ್ಟ್‌ನಲ್ಲಿ ಹುಟ್ಟಿದವರು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರು, ಸೆಪ್ಟೆಂಬರಿನವರು ಎಲ್ಲರಿಗಿಂತ ದೊಡ್ಡವರು. ಆಗಸ್ಟ್ ಮಕ್ಕಳಿಗೆ ಎಡಿಎಚ್‌ಡಿ ಎಂದು ಗುರುತಿಸುವ ಪ್ರಮಾಣ ಸೆಪ್ಟೆಂಬರ್ ಮಕ್ಕಳಿಗಿಂತ ಶೇ. 34ರಷ್ಟು ಹೆಚ್ಚಿತ್ತು. ಹುಟ್ಟಿದ ತಿಂಗಳಿಗೆ ತಕ್ಕಂತೆ ಕಾಯಿಲೆ ಬರುವುದಿಲ್ಲವಲ್ಲ. ಚಿಕ್ಕ ಮಗುವಿನ ಚಿಕ್ಕತನವೇ ಕೆಲವೊಮ್ಮೆ ತೊಂದರೆಯ ಹಾಗೆ ಕಂಡಿದೆ. ಬುದ್ಧಿವಂತ ಮಗು ಅಂತ ಒಂದು ವರ್ಷ ಮೊದಲೇ ಶಾಲೆಗೆ ಸೇರಿಸಿದ್ದರೆ, ಅಥವಾ ಒಂದು ತರಗತಿ ದಾಟಿಸಿದ್ದರೆ, ಇದನ್ನು ಇನ್ನೂ ಜಾಸ್ತಿ ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಎಡಿಎಚ್‌ಡಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜ. ಪ್ರತಿಭೆಯೂ ಎಡಿಎಚ್‌ಡಿಯೂ ಒಂದೇ ಮಗುವಿನಲ್ಲಿ ಇರಬಹುದು. ಒಳ್ಳೆಯ ಬುದ್ಧಿ ಎಡಿಎಚ್‌ಡಿಯನ್ನು ಮುಚ್ಚಿಡುತ್ತದೆ, ಎಡಿಎಚ್‌ಡಿ ಬುದ್ಧಿಯನ್ನು ಮುಚ್ಚಿಡುತ್ತದೆ. ಕೊನೆಗೆ ಮಗು ಸಾಧಾರಣ ಅಂಕ ತಗೊಂಡು 'ಪರವಾಗಿಲ್ಲ' ಅನ್ನಿಸಿಕೊಂಡು ಮುಂದೆ ಹೋಗುತ್ತದೆ. ಎರಡಕ್ಕೂ ಸಿಗಬೇಕಾದ ನೆರವು ಸಿಗುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಅವರ ಚಡಪಡಿಕೆ ಹೆಚ್ಚಾಗಿ ಮಾತಿನಲ್ಲಿ, ಕೂದಲು ಸುತ್ತುವುದರಲ್ಲಿ, ಗೀಚುವುದರಲ್ಲಿ ಹೋಗುತ್ತದೆ. 'ವಾಚಾಳಿ' ಅನ್ನುವ ಒಂದು ರಿಮಾರ್ಕ್‌ನಲ್ಲಿ ಎಲ್ಲ ಮುಗಿಯುತ್ತದೆ.

ಈ ವಿಷಯದಲ್ಲಿ ನಿಮ್ಮಿಂದ ರೋಗದ ಹೆಸರು ಬೇಡ, ವಿವರ ಬೇಕು. 'ತುಂಬಾ ತಂಟೆ' ಅಂತ ಬರೆದರೆ ನಮಗೂ ಏನೂ ಗೊತ್ತಾಗುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ. 'ಮಧ್ಯಾಹ್ನದ ಎರಡನೇ ಪಿರಿಯಡ್‌ನಲ್ಲಿ, ನಕಲು ಬರೆಯುವಾಗ ಎದ್ದು ಓಡಾಡುತ್ತಾನೆ. ವಿಜ್ಞಾನದ ಪ್ರಯೋಗ ಇದ್ದ ದಿನ ಪೂರ್ತಿ ಹೊತ್ತು ಒಂದೇ ಕಡೆ ನಿಂತಿದ್ದ' ಅಂತ ಎರಡು ಸಾಲು ಬರೆದರೆ ಅದು ಚಿನ್ನ. ಜೊತೆಗೆ ಕಿವಿ ಸರಿಯಾಗಿ ಕೇಳುತ್ತಿದೆಯೇ, ಕಣ್ಣು ಸರಿಯಿದೆಯೇ, ರಾತ್ರಿ ನಿದ್ದೆ ಸಾಕಾಗುತ್ತಿದೆಯೇ ಅನ್ನುವುದನ್ನು ನಾವು ನೋಡುತ್ತೇವೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಎಷ್ಟೋ ಸಲ ಉಲ್ಟಾ, ಇನ್ನಷ್ಟು ಹಾರಾಡುತ್ತಾರೆ. ಇದು ಪೂರ್ತಿ ಮನೆಯವರ ಕೆಲಸ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆಟದ ವಿಷಯಕ್ಕೆ ಬರೋಣ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆ, 2013ರಲ್ಲಿ ಶಾಲಾ ವಿರಾಮದ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು. ಶಿಕ್ಷೆಗೂ ಸರಿ, ಓದಿಗೂ ಸರಿ, ಮಗುವಿನ ವಿರಾಮವನ್ನು ಕಸಿದುಕೊಳ್ಳಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಿಸಿ ಆಗುವಂಥ ಚಟುವಟಿಕೆ ಬೇಕು ಅನ್ನುತ್ತದೆ. ಇದು ಎಲ್ಲ ಮಕ್ಕಳಿಗೂ. ಚುರುಕು ಜಾಸ್ತಿ ಇರುವ ಮಗುವಿನ 60 ನಿಮಿಷದಲ್ಲೇ ನಾವು ಕತ್ತರಿ ಹಾಕುತ್ತೇವೆ ಅನ್ನುವುದು ವಿಚಿತ್ರ, ಅಲ್ವಾ?

ಆಡಿ ಬಂದ ಮೇಲೆ ಪಾಠ ತಲೆಗೆ ಹತ್ತುವುದಿಲ್ಲ ಅನ್ನುವವರೂ ಇದ್ದಾರೆ. 2009ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆಸಿದರು. ಸುಮ್ಮನೆ ಕೂತಿದ್ದ ದಿನಕ್ಕಿಂತ ನಡೆದ ದಿನ ಅವರ ಗಮನವೂ ಚೆನ್ನಾಗಿತ್ತು, ಓದಿನ ಪರೀಕ್ಷೆಯನ್ನೂ ಚೆನ್ನಾಗಿ ಮಾಡಿದರು. 2015ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ, ಯಾಕೆಂದರೆ ಅದು ನನ್ನ ವಾದಕ್ಕೆ ಪೂರ್ತಿ ಅನುಕೂಲವಾಗಿಲ್ಲ. 8ರಿಂದ 12 ವರ್ಷದ ಹುಡುಗರು ಮನಸ್ಸಿನಲ್ಲೇ ವಿಷಯ ಹಿಡಿದಿಟ್ಟುಕೊಂಡು ಕೆಲಸ ಮಾಡುವಾಗ ಎಷ್ಟು ಅಲುಗಾಡುತ್ತಾರೆ ಅಂತ ಅಳೆದರು. ಎಡಿಎಚ್‌ಡಿ ಇದ್ದವರು ಜಾಸ್ತಿ ಅಲುಗಾಡಿದಾಗ ಜಾಸ್ತಿ ಸರಿ ಉತ್ತರ ಕೊಟ್ಟರು. ಇಲ್ಲದವರು ಜಾಸ್ತಿ ಅಲುಗಾಡಿದಾಗ ತಪ್ಪು ಜಾಸ್ತಿ ಆಯಿತು. ಅಂದರೆ ಒಂದು ಮಗುವಿಗೆ ಆಸರೆಯಾದದ್ದು ಪಕ್ಕದ ಮಗುವಿಗೆ ಅಡ್ಡಿಯಾಗಬಹುದು. 'ಯಾರೂ ಅಲ್ಲಾಡಬಾರದು' ಅನ್ನುವ ನಿಯಮವೂ ಸರಿಯಲ್ಲ. ಇಡೀ ತರಗತಿಯನ್ನು ಪುಟಿಯುವ ಚೆಂಡಿನ ಮೇಲೆ ಕೂರಿಸುವ ಉತ್ಸಾಹವೂ ಸರಿಯಲ್ಲ. 2017ರಲ್ಲಿ ಬೆರಳಲ್ಲಿ ಹಿಡಿದು ತಿರುಗಿಸುವ ಫಿಡ್ಜೆಟ್ ಸ್ಪಿನ್ನರ್ ಹುಚ್ಚು ಎದ್ದಿತ್ತಲ್ಲ, ಆಗ ಆದದ್ದು ಇದೇ. ಗಮನಕ್ಕೆ ಒಳ್ಳೆಯದು ಅಂತ ಮಾರಿದ ಆಟಿಕೆ ಕಣ್ಣನ್ನೇ ತನ್ನ ಕಡೆ ಎಳೆದುಕೊಂಡು ಕೂತಿತು.

ನನಗೆ ಸರಿ ಅನ್ನಿಸುವ ಗೆರೆ ಇದು. ಮಗು ಅಲುಗಾಡಲಿ, ಆದರೆ ಇನ್ನೊಬ್ಬರ ಮೈಗೆ, ಕಿವಿಗೆ, ಕಣ್ಣಿಗೆ ಅಡ್ಡ ಬರಬಾರದು. ತಾಳ ಹಾಕುವುದಾದರೆ ಬೆಂಚಿನ ಮೇಲೆ ಬೇಡ, ತೊಡೆಯ ಮೇಲೆ. ನಿಂತು ಬರೆಯುವುದಾದರೆ ಕೊನೆಯ ಸಾಲಿನ ಹಿಂದೆ, ಅದೂ ಶಿಕ್ಷೆಯ ಜಾಗ ಆಗದ ಹಾಗೆ. ಒಂದು ಸನ್ನೆ ಮಾಡಿ ಹೊರಗೆ ಹೋಗಿ ನೀರು ಕುಡಿದು ಬರಬಹುದು. ಗೆರೆ ದಾಟಿದರೆ ದಾಟಿದ್ದು ಅಂತಲೇ ಹೇಳಿ. ಗಿಫ್ಟೆಡ್ ಅನ್ನುವುದು ಪಕ್ಕದವರನ್ನು ತಳ್ಳಲು ಸಿಕ್ಕ ಪರವಾನಗಿಯಲ್ಲ. ತಳ್ಳಿದರೆ ಕ್ಷಮೆ ಕೇಳಬೇಕು, ಬಿದ್ದ ಪುಸ್ತಕ ಎತ್ತಿಕೊಡಬೇಕು. ತಳ್ಳಿದ್ದಕ್ಕೆ ಸಂಬಂಧ ಇರುವ ಶಿಕ್ಷೆ ಮಗುವಿಗೆ ಅರ್ಥವಾಗುತ್ತದೆ. ಫುಟ್‌ಬಾಲ್ ಆಡಲು ಬಿಡದಿರುವುದಕ್ಕೂ ತಳ್ಳಿದ್ದಕ್ಕೂ ಏನು ಸಂಬಂಧ?

ಇಂಥ ಬರಹಗಳಲ್ಲಿ ಸಾಮಾನ್ಯವಾಗಿ, ಶಾಲೆಯಲ್ಲಿ ಕೂರಲಾರದೆ ಬೈಸಿಕೊಂಡು ಮುಂದೆ ಜಗತ್ಪ್ರಸಿದ್ಧರಾದವರ ಕಥೆ ಬರುತ್ತದೆ. ನಾನು ಬೇಕೆಂದೇ ಬಿಟ್ಟಿದ್ದೇನೆ. ಈ ಮಕ್ಕಳಲ್ಲಿ ಬಹಳಷ್ಟು ಜನ ಪ್ರಸಿದ್ಧರಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಇಂದು ಮಧ್ಯಾಹ್ನ ಮೈದಾನಕ್ಕೆ ಹೋಗಲು ಮಗು ನಾಳೆ ದೊಡ್ಡ ವ್ಯಕ್ತಿ ಆಗುತ್ತೇನೆ ಅಂತ ಮಾತು ಕೊಡಬೇಕಿಲ್ಲವಲ್ಲ.

ಪೋಷಕರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದೇ ಮಾತು. ಶಾಲೆಯಲ್ಲಿ ದಿನವಿಡೀ ತಡೆದುಕೊಂಡು ಬಂದ ಮಗುವನ್ನು ನೇರ ಟ್ಯೂಷನ್ನಿಗೆ, ಅಲ್ಲಿಂದ ಇನ್ನೊಂದು ಕ್ಲಾಸಿಗೆ ಕೂರಿಸುವುದು ನಾವೇ. ಶಿಕ್ಷಕರಿಗೆ ಕೇಳುವ ಮೊದಲು ಮನೆಯಲ್ಲೂ ಒಂದು ಗಂಟೆ ಯಾರ ಮೇಲ್ವಿಚಾರಣೆಯೂ ಇಲ್ಲದ ಓಟಕ್ಕೆ ಬಿಡಬೇಕು.

ನಿಮ್ಮ ಕಷ್ಟ ನನಗೆ ಕಾಣುತ್ತದೆ. ತರಗತಿ ದೊಡ್ಡದು, ಪಾಠ ಮುಗಿಸುವ ಒತ್ತಡ ಇದೆ, ಒಬ್ಬರಿಗೆ ನಿಲ್ಲಲು ಬಿಟ್ಟರೆ ಎಲ್ಲರೂ ನಿಲ್ಲುತ್ತೇವೆ ಅನ್ನುತ್ತಾರೆ. ಅನ್ನಲಿ. ಮೊದಲ ವಾರ ನಿಲ್ಲುತ್ತಾರೆ. ಆಮೇಲೆ ಕಾಲು ನೋವು ಬಂದು ಬೇಡದವರು ಕೂರುತ್ತಾರೆ, ಬೇಕಾದವರು ಮಾತ್ರ ನಿಂತಿರುತ್ತಾರೆ. ಎರಡು ಪಿರಿಯಡ್ ನಡುವೆ ಇಡೀ ತರಗತಿ ಎದ್ದು ಮೈಮುರಿಯಲು ಹೆಚ್ಚು ಸಮಯ ಬೇಡ. ಫಿನ್ಲೆಂಡಿನ ಶಾಲೆಗಳಲ್ಲಿ 45 ನಿಮಿಷದ ಪಾಠಕ್ಕೆ 15 ನಿಮಿಷದ ಬಿಡುವು ಕೊಡುವ ಪದ್ಧತಿ ಇದೆ. ಅಷ್ಟು ನಾನು ಕೇಳುತ್ತಿಲ್ಲ. ಐದು ನಿಮಿಷ ಕೊಡಿ.

ಇನ್ನೊಂದೇ ಕೋರಿಕೆ ಉಳಿದಿದೆ. ಇದಕ್ಕೆ ಖರ್ಚೂ ಇಲ್ಲ. ವರ್ಷವಿಡೀ ನೀವು ಈ ಮಗುವಿನ ಜೊತೆ ಏಗಿ ಏಗಿ ಏನೋ ಒಂದು ದಾರಿ ಕಂಡುಕೊಂಡಿರುತ್ತೀರಿ. ಎಲ್ಲಿ ಕೂರಿಸಿದರೆ ಶಾಂತವಾಗಿರುತ್ತದೆ, ಯಾವ ಕೆಲಸ ಕೊಟ್ಟರೆ ಮೈಮರೆಯುತ್ತದೆ, ಯಾವ ಮಾತು ಹೇಳಿದರೆ ಕೆರಳುತ್ತದೆ, ಎಲ್ಲ ನಿಮಗೆ ಗೊತ್ತಿರುತ್ತದೆ. ವರ್ಷ ಮುಗಿದಾಗ ಅದು ನಿಮ್ಮ ತಲೆಯಲ್ಲೇ ಉಳಿದುಬಿಡುತ್ತದೆ. ಮುಂದಿನ ತರಗತಿಯ ಶಿಕ್ಷಕರಿಗೆ ತಲುಪುವುದು 'ಹುಷಾರು, ಆ ಹುಡುಗ ತಲೆನೋವು' ಅನ್ನುವ ಒಂದು ಮಾತು ಮಾತ್ರ. ಪಾಪ, ಅವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ, ಮಗುವೂ ಮತ್ತೆ ಸೊನ್ನೆಯಿಂದ ಬೈಸಿಕೊಳ್ಳುತ್ತದೆ. ಈ ಸಲ ಅಂಕಪಟ್ಟಿಯ ಜೊತೆ ಅರ್ಧ ಪುಟ ಬರೆದು ಮುಂದಿನವರ ಕೈಗೆ ಕೊಡಿ. ಅದರ ಒಂದು ಪ್ರತಿ ನಮಗೂ ಕೊಟ್ಟರೆ ಮನೆಯಲ್ಲೂ ಅದೇ ದಾರಿ ಹಿಡಿಯುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪೋಷಕ